ಭೇಷ್ ಅಂದಿದ್ದಕ್ಕೆ

ದೊಡ್ಡೀರಪ್ಪ ಬೈಯುವಾಗಲೂ ಹೊಗಳಿಯೇ ಬೈಯುವ ಮನುಷ್ಯ. ಎಮ್ಮೆ ಹಾಲಿನ ಚೆಂಬು ಒದ್ದರೂ ‘ಭೇಷ್’, ಚಳ್ಳಕೆರೆ ಬಸ್ಸು ತಪ್ಪಿದರೂ ‘ಭೇಷ್’. ದೊಡ್ಡಉಳ್ಳಾರ್ತಿಯಲ್ಲಿ ಅದರ ಅರ್ಥ ಕುರಿಮರಿಗೂ ಗೊತ್ತಿತ್ತು.

ಅವತ್ತು ಮುಂಜಾನೆ ಹೊಸ ಕಂಬಳಿ ಬಿಗಿಯಾಗಲೆಂದು ಹುಣಸೆಬೀಜದ ಗಂಜಿ ಬಳಿದು ಬಯಲಲ್ಲಿ ಒಣಹಾಕಿದ್ದ. ಮೊಳಕಾಲ್ಮೂರಿನಲ್ಲಿ ಮರುದಿನ ಹೆಂಡತಿಯ ತಮ್ಮನ ಮಗಳ ಮದುವೆ. ಗದ್ದಿಗೆಗೆ ಹಾಸುವ ಕಂಬಳಿ ಸಂಜೆ ಬಸ್ಸಿಗೆ ಹೋಗಲೇಬೇಕು. ಅಷ್ಟರಲ್ಲಿ ಊರ ದನಕುರಿ ಮೇಯುತ್ತಿದ್ದ ಕಾವಲಿನ ಕಡೆಯಿಂದ ಕತ್ತಿಲ್ಲದ ಕರುವಿನಂಥ ಕಬ್ಬಿಣದ ಪ್ರಾಣಿಯೊಂದು ಟಕಟಕ ಬಂದು ಕಂಬಳಿಯ ಮೇಲೆ ಕಾಲಿಟ್ಟಿತು.

“ಭೇಷ್!” ಎಂದು ಕಿರುಚಿದ ದೊಡ್ಡೀರಪ್ಪ.

ಅದು ಇನ್ನೊಂದು ಕಾಲನ್ನೂ ಇಟ್ಟಿತು.

“ಭೇಷ್ ಕಣಲೇ! ಉಳಿದ ಕಾಲು ಯಾರಿಗೆ ಇಟ್ಕಂಡೀಯ?”

ಯಾರಿಗೂ ಇಟ್ಟುಕೊಳ್ಳಲಿಲ್ಲ. ಗೋಡೆಗೆ ಮಣ್ಣು ತುಳಿಯುವವರ ಹಾಗೆ ಹದವಾಗಿ ತುಳಿಯತೊಡಗಿತು. ಕೋಲಿನಿಂದ ಬಾರಿಸಿದರೆ ಕೋಲೇ ಮುರಿಯಿತು.

ಪಕ್ಕದ ಮನೆಯ ಬೋರಕ್ಕ ಹೊರಬಂದಳು. “ಓಡ್ಸೋದು ಬಿಟ್ಟು ಹೊಗಳ್ತಾ ನಿಂತೀಯಲ್ಲಣ್ಣಾ! ಭೇಷಾತು ಬಿಡು!”

ಪ್ರಾಣಿ ಕುಣಿಯಿತು.

ಕಾವಲಿನಲ್ಲಿ ಎದ್ದಿದ್ದ ಹೊಸ ಸಂಶೋಧನಾ ಕ್ಯಾಂಪಸ್ಸಿನ ಇಂಜಿನಿಯರ್ ಸ್ವಪ್ನ ಏದುಸಿರು ಬಿಡುತ್ತ ಓಡಿಬಂದಳು. “ಭೇಷ್ ಅನ್ಬೇಡಿ ಯಜಮಾನ್ರೇ! ಅದು ನಾಯಿಮರಿ ಥರ ಕಲಿಯೋ ರೋಬೋಟು. ಹೊಗಳಿದ್ರೆ ಮಾಡಿದ್ದನ್ನೇ ಮಾಡುತ್ತೆ. ಈಗಂತೂ ಭೇಷ್ ಅಂದ್ರೆ ತುಳಿಯೋದು ಅಂತಲೇ ಕಲಿತುಬಿಟ್ಟಿದೆ.”

“ಕಾವಲಿಗೆಲ್ಲಾ ಬೇಲಿ ಹಾಕ್ಕಂಡ್ರಿ. ಈಗ ಇದಕ್ಕೆ ಅಕ್ಷರ ತಿದ್ದಾಕೆ ನನ್ ಕಂಬಳಿನೇ ಬೇಕಾ? ನಿಲ್ಸವ್ವಾ!”

“ನನ್ನ ಮಾತು ಕೇಳ್ತಿಲ್ಲ. ಇಷ್ಟು ಹೊಗಳಿದೋರು ಅದಕ್ಕೆ ಯಾರೂ ಸಿಕ್ಕಿರಲಿಲ್ಲ. ನೀವೇ ‘ಛೀ’ ಅನ್ನಿ.”

ನೇರವಾಗಿ ಬೈದು ಅಭ್ಯಾಸವಿಲ್ಲದ ದೊಡ್ಡೀರಪ್ಪ ಹಲ್ಲು ಕಚ್ಚಿ “ಛೀ!” ಎಂದ. ಪ್ರಾಣಿ ತೆಪ್ಪಗೆ ಕೆಳಗಿಳಿಯಿತು. ನೂಲು ಹರಿದಿರಲಿಲ್ಲ. ಮತ್ತೆ ಗಂಜಿ ಬಳಿದರೆ ಸಂಜೆಗೆ ಒಣಗುತ್ತದೆ ಎಂದು ಅವನಿಗೆ ಜೀವ ಬಂದಂತಾಯಿತು.

ಆಗಲೇ ಹೆಂಡತಿ ತಿಪ್ಪೇರುದ್ರಮ್ಮ ನೀರಿನ ಕೊಡ ಹೊತ್ತು ಬಂದಳು. ಕಂಬಳಿ ನೋಡಿದಳು, ಗಂಡನನ್ನು ನೋಡಿದಳು.

“ಭೇಷ್ ಕಣಯ್ಯಾ! ನಮ್ ತಮ್ಮನ ಮನೆ ಕಂಬಳಿ ಭೇಷಾಗಿ ಕಾಯ್ದೆ!”

ಪ್ರಾಣಿ ಮತ್ತೆ ಹತ್ತಿತು.

“ಛೀ! ಛೀ!” ಎಂದು ಅರಚಿದ ದೊಡ್ಡೀರಪ್ಪ. ಅದು ತಟ್ಟನೆ ನಿಂತಿತು. ತಿಪ್ಪೇರುದ್ರಮ್ಮ ಕೊಡ ಇಳಿಸಿ ಸೊಂಟಕ್ಕೆ ಕೈಯಿಟ್ಟಳು.

“ಯಾರಿಗೆ ಛೀ ಅಂದಿದ್ದು?”

“ನಿನಗಲ್ಲ ಕಣೇ! ನೀನು... ನೀನು ಭೇಷ್ ಕಣೇ!”

ಜನ್ಮದಲ್ಲಿ ಆ ಮಾತನ್ನು ಅವನು ಹೊಗಳಲೆಂದೇ ಆಡಿದ್ದು ಅದೇ ಮೊದಲು. ಬೆನ್ನ ಹಿಂದೆ ಕಂಬಳಿ ಚರ್ರನೆ ಹರಿದ ಸದ್ದು ಕೇಳಿಸಿತು.