ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು

ಇಂಜಿನಿಯರ್ ತನ್ನ ಹೆಂಡತಿಯನ್ನು ಮೊದಲು ಕಂಡದ್ದು ಅವಳಪ್ಪನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ. ಕುಳ್ಳ ಸ್ಟೂಲಿನ ಮೇಲೆ ಕೂತು, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದಳು. ಇವನು ವಿನಯವೇ ಮೂರ್ತಿವೆತ್ತಂತೆ, "ಸ್ವಲ್ಪ ಕೇಳ್ಬಹುದಾ?" ಎಂದ.

"ನೂರಾ ಎಂಬತ್ತೇಳೋ, ಎಂಟೋ! ಲೆಕ್ಕ ತಪ್ಪಿಸಿದ್ರಲ್ಲ! ಇನ್ನು ಮೊದಲಿಂದ ಸುತ್ಬೇಕು. ಅದೇನು ಕೇಳ್ತೀರೋ ಕೇಳಿ!"

ಕೇಳಬೇಕಾದದ್ದು ಅವನಿಗೆ ಮರೆತೇ ಹೋಗಿತ್ತು. (ಆರು ತಿಂಗಳಾದ ಮೇಲೆ ಬೇರೆಯದನ್ನು ಕೇಳಿದ. ಮದುವೆಯಾಯಿತು.)

ಇಡೀ ವಂಶಕ್ಕೆ ಇವನೊಬ್ಬನೇ ಪದವೀಧರ. ಮಾವನಿಗೆ ಅಭಿಮಾನವಿತ್ತು; ಪುಸ್ತಕದ ಬದನೆಕಾಯಿ ಇರಬಹುದೇ ಎಂಬ ಅನುಮಾನವೂ ಇತ್ತು.

"ಅಳಿಯಂದ್ರೇ, ನಿಮ್ಮನೆ ನೀರಿನ ಪಂಪು ತಾನಾಗೇ ಓಡೋ ಹಾಗೆ ಮಾಡಿ. ಭಾನುವಾರ ನೋಡ್ತೀನಿ. ಸರಿಹೋದ್ರೆ ಅಂಗಡಿಗೆ ಬರೋ ಪಂಪಿನ ಸ್ವಿಚ್ ಬೋರ್ಡ್ ಕಟ್ಟೋ ಕೆಲಸವೆಲ್ಲ ನಿಮ್ದೇ."

ಅದಕ್ಕೆ ಬೇಕಾದದ್ದು ಕಾಂಟ್ಯಾಕ್ಟರು. ಒಳಗಿನ ತಂತಿಸುರುಳಿಗೆ, ಅಂದರೆ ಕಾಯಿಲಿಗೆ, ಕರೆಂಟು ಕೊಟ್ಟರೆ ಅಯಸ್ಕಾಂತವಾಗಿ ತಾನೇ ಎಳೆದುಕೊಳ್ಳುವ ದೊಡ್ಡ ಸ್ವಿಚ್ಚು. ಇವನು ತಂದದ್ದರ ಕಾಯಿಲಿನ ಮೇಲೆ ಇಪ್ಪತ್ನಾಲ್ಕು ವೋಲ್ಟ್ ಎಂದಿತ್ತು. ಮನೆಯಲ್ಲಿದ್ದ ಎರಡು ಬ್ಯಾಟರಿ ಸೇರಿದರೂ ಇಪ್ಪತ್ನಾಲ್ಕೇ. ಮೂರು ಸಲ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದ.

"ರೀ, ಅದು ಏಸಿ ಕಾಯಿಲು. ಬ್ಯಾಟರಿ ಡಿಸಿ."

"ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು ಕೂಡಿಬಂದ ಮೇಲೆ ಇನ್ನೇನೇ?"

"ಡಿಸಿ ಕೊಟ್ರೆ ಸಿಕ್ಕಾಪಟ್ಟೆ ಕರೆಂಟು ಎಳೆದು ಸುಟ್ಟುಹೋಗುತ್ತೆ."

"ನಾಲ್ಕು ವರ್ಷ ಓದಿದ್ದು ನೀನೋ, ನಾನೋ?"

"ನೀವೇ. ಸುಟ್ಟಿದ್ದನ್ನ ಬಿಚ್ಚೋಳು ಮಾತ್ರ ನಾನು."

ಭಾನುವಾರ ಬಂದ ಮಾವ ನೇರ ಸ್ನಾನಕ್ಕೆ ಹೋದರು. ಟ್ಯಾಂಕು ಬರಿದಾಯಿತು. ಕಾಂಟ್ಯಾಕ್ಟರು ಟಪ್ಪೆಂದು ಎಳೆದುಕೊಂಡಿತು. ಪಂಪು ಓಡಿತು!

"ಕೇಳಿಸ್ತಾ? ಬೇರೆಯವರದ್ದು ಗುಂಯ್ ಅನ್ನುತ್ತೆ. ನಂದು ಚೂರೂ ಸದ್ದಿಲ್ಲ. ಇದಕ್ಕೇ ವಿದ್ಯೆ ಅನ್ನೋದು!"

ವಿದ್ಯೆ ಒಂದು ನಿಮಿಷವೂ ಬಾಳಲಿಲ್ಲ. ನೀರು ಪೈಪಿನಲ್ಲಿ ಮೇಲೇರುವ ಮೊದಲೇ ಪೆಟ್ಟಿಗೆಯಿಂದ ಹೊಗೆ ಮೇಲೇರಿತು. ಪಂಪು ನಿಂತಿತು.

"ಅಳಿಯಂದ್ರೇ! ಕಣ್ಣೆಲ್ಲ ಸೋಪು! ನೀರೆಲ್ಲಿ?"

"ತಾನಾಗೇ ಬರುತ್ತೆ ಮಾವ!"

"ಯಾವಾಗ?"

ಇಂಜಿನಿಯರ್ ಹೆಂಡತಿಯ ಮುಖ ನೋಡಿದ. ಅವಳು ಕೈಚೀಲದಿಂದ ಡಿಸಿ ಕಾಯಿಲಿನ ಕಾಂಟ್ಯಾಕ್ಟರು ತೆಗೆದಳು.

"ಇದನ್ನ ಯಾವಾಗ ತಂದೆ?"

"ನೀವು ಎರಡನೇ ಗೆರೆ ಎಳೆದ್ರಲ್ಲ, ಆವಾಗಲೇ."

ಐದು ನಿಮಿಷದಲ್ಲಿ ನೀರು ಬಂತು. ಆಮೇಲೆ ಮಾವನೂ ಬಂದರು, ಕಣ್ಣು ಕೆಂಡದಂತೆ. ಸುಟ್ಟ ಕಾಯಿಲು ನೋಡಿದರು, ಹೊಸದನ್ನು ನೋಡಿದರು, ನೋಟ್‌ಬುಕ್ಕನ್ನು ಬಹಳ ಹೊತ್ತು ನೋಡಿದರು.

"ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ ಅಳಿಯಂದ್ರೇ."

ಈಗ ಅಂಗಡಿಯ ಬೋರ್ಡುಗಳನ್ನೆಲ್ಲ ಹೆಂಡತಿ ಕಟ್ಟುತ್ತಾಳೆ. ಇಂಜಿನಿಯರ್ ಅಲ್ಲಿಗೆ ಬರುವ ಪ್ರತಿಯೊಂದು ಕಾಂಟ್ಯಾಕ್ಟರಿಗೂ ಏಸಿ ಅಥವಾ ಡಿಸಿ ಎಂದು ಚೀಟಿ ಬರೆದು ಅಂಟಿಸುತ್ತಾನೆ.