ಮೂರು ಹೀಟರ್, ಒಂದು ಹಂಡೆ

ಲಾಕ್‌ಡೌನಿನಲ್ಲಿ ಊರೆಲ್ಲ ಸದ್ದಡಗಿದ್ದರೂ ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಅಡುಗೆಮನೆಯಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತಲೇ ಇತ್ತು.

೧. ಸರದಿ

ಪಕ್ಕದ ಮನೆಯ ಐರಿಷ್ ಅಜ್ಜನಿಗೆ ಎಂಬತ್ತು ತುಂಬುವುದಿತ್ತು. ಪಬ್‌ಗಳಿಗೆ ಬೀಗ. "ಹುಟ್ಟುಹಬ್ಬಕ್ಕೂ ಒಂದು ಲೋಟ ಒಳ್ಳೆ ಬಿಯರ್ ಇಲ್ಲ" ಎಂದು ಗೋಡೆಯಾಚೆ ನಿಂತು ಕಣ್ಣೊರೆಸಿಕೊಂಡರು. ನಮ್ಮನೆಯವರು ಸಾಫ್ಟ್‌ವೇರ್‌ನವರು. "ನಾನೇ ಮಾಡಿಕೊಡ್ತೀನಿ" ಅಂದುಬಿಟ್ಟರು!

ದೊಡ್ಡ ಹಂಡೆಗೆ ಮೂರು ಹೀಟರ್ ಕೂರಿಸಿದರು. ಮೂರನ್ನೂ ಒಟ್ಟಿಗೆ ಹಾಕಿದ್ದೇ ತಡ, ಇಡೀ ಮನೆಯ ಕರೆಂಟ್ ಹೋಯಿತು. ಛಲ ಬಿಡದೆ ಒಂದು ಕಂಟ್ರೋಲ್ ಡಬ್ಬಿ ಕಟ್ಟಿದರು. ಈಗ ಒಂದು ಹೀಟರ್ ಕಾಯುವಾಗ ಉಳಿದೆರಡು ತೆಪ್ಪಗೆ ಕೂರುತ್ತಿದ್ದವು. ನಾನು ಬೆರಗಾಗಿ ನೋಡಿದೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕದ್ದನ್ನು ನಮ್ಮ ಮನೆಯಲ್ಲಿ ಕಂಡದ್ದು ಅದೇ ಮೊದಲು.

೨. ಹಿಟ್ಟು

ವಿಮಾನ ನಿಂತು ನಮ್ಮಲ್ಲೇ ಉಳಿದಿದ್ದ ಅತ್ತೆಗೆ ಒಂದೇ ಕೊರಗು. ಈ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಹಂಡೆ ಖಾಲಿಯಿದ್ದ ದಿನ ಇವರು ಅದರಲ್ಲಿ ನೀರು ತುಂಬಿ, ಡಬ್ಬಿಯ ಗುಂಡಿಯನ್ನು ಮೂವತ್ತು ಡಿಗ್ರಿಗೆ ತಿರುಗಿಸಿ, ಹಿಟ್ಟಿನ ಪಾತ್ರೆ ಇಳಿಸಿದರು. ಬೆಳಗ್ಗೆ ಹಿಟ್ಟು ಮುಚ್ಚಳ ಎತ್ತಿ ಹೊರಗೆ ಬಂದಿತ್ತು! ಅತ್ತೆ ಡಬ್ಬಿಗೆ ಕೈಮುಗಿದರು. "ನಿನ್ನ ಇಂಜಿನಿಯರಿಂಗ್ ಓದಿಸಿದ್ದು ಇವತ್ತು ಸಾರ್ಥಕ ಆಯ್ತು ಕಣೋ."

೩. ಆಯುಧಪೂಜೆ

ಅಜ್ಜನ ಬಿಯರ್‌ಗೆ ಬಾರ್ಲಿ ಕಾಯಿಸಲು ಕೊನೆಗೂ ದಿನ ಕೂಡಿಬಂತು. ಆಮೇಲೆ ಅದು ಹುಳಿಯಲು ವಾರಗಳೇ ಬೇಕು, ಇನ್ನು ತಡವಾದರೆ ಹುಟ್ಟುಹಬ್ಬಕ್ಕೆ ಸಿಗುವುದಿಲ್ಲ. ಅತ್ತೆಗೆ ಮಾತ್ರ ಬಾರ್ಲಿ ಕಷಾಯ ಅಂತ ಹೇಳಿದ್ದರು.

ಹೀಟರ್‌ಗಳನ್ನು ಹಾಕಿ, ಮೇಲೆ ಹೋಗಿ ಒಂದು ಫೋನ್ ಮಾತಾಡಿ ಬರುವಷ್ಟರಲ್ಲಿ ಡಬ್ಬಿಗೆ ಅರಿಶಿನ, ಕುಂಕುಮ, ಸೇವಂತಿಗೆ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟಿತ್ತು.

"ಇವತ್ತು ಆಯುಧಪೂಜೆ. ಡಬ್ಬಿ ಮುಟ್ಟಬೇಡ" ಅಂದರು ಅತ್ತೆ.

ಹಂಡೆ ತಣ್ಣಗಾಗುತ್ತಿತ್ತು. ಇವರ ಮುಖ ಬಿಳಿಚಿತು. "ಅಮ್ಮ, ಅದು ಕಷಾಯ ಅಲ್ಲ. ಬಿಯರ್. ಈಗ ಕಾಯದಿದ್ರೆ ಅಜ್ಜನಿಗೆ ಕೊಟ್ಟ ಮಾತು ಹೋಗತ್ತೆ."

ಅತ್ತೆ ಹಂಡೆ ನೋಡಿದರು, ಮಗನನ್ನು ನೋಡಿದರು.

"ಕುಡಿಯೋದು ಕಾಯಿಸೋದಾದ್ರೆ ಇದು ಆಯುಧ ಹೇಗಾಗತ್ತೆ? ಒಲೆ. ಒಲೆಗೆ ಯಾವ ಹಬ್ಬದಲ್ಲಿ ರಜೆ ಕೊಟ್ಟಿದೀವಿ ಹೇಳು?" ಎಂದು ತಾವೇ ಪ್ಲಗ್ ಹಾಕಿದರು.

ಹುಟ್ಟುಹಬ್ಬದ ದಿನ ಅಜ್ಜ ಗೋಡೆಯಾಚೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಗ್ರ್ಯಾಂಡ್! ಎಂಬತ್ತು ವರ್ಷದಲ್ಲಿ ಇಂಥದ್ದು ಕುಡಿದಿಲ್ಲ. ಹೇಗೆ ಮಾಡಿದೆ?"

ಇವರು ಎದೆಯುಬ್ಬಿಸಿ ಹೀಟರ್‌ಗಳ ಕಥೆ ಶುರುಮಾಡಿದರು. ಹಿಂದಿನಿಂದ ಅತ್ತೆ ತಿವಿದರು.

"ಪೂಜೆ ಮಾಡಿದ್ದು ನಾನು ಅಂತ ಮೊದಲು ಹೇಳೋ!"