ಮಾಸ್ತರರ ಎಡಗಲ್ಲ

ಇಷ್ಟೆಲ್ಲ ರಾಮಾಯಣ ಆದದ್ದು ಒಂದು ತುತ್ತು ರಂಜಕದಿಂದ. ತಿಕೋಟಾದ ಕನ್ನಡ ಸಾಲಿಯ ಹೆಡ್ ಮಾಸ್ತರ ಅಮರಪ್ಪನವರ ಹೆಂಡತಿ ರೇಣುಕವ್ವ, ತಮ್ಮನ ಬಸುರಿ ಹೆಂಡತಿಯ ಕುಬಸಕ್ಕೆಂದು ಬಬಲೇಶ್ವರಕ್ಕೆ ಹೋಗಿ ಎರಡು ದಿನವಾಗಿತ್ತು. ಒಲೆ ಹೊತ್ತಿಸುವ ವಿದ್ಯೆ ಮಾಸ್ತರರಿಗೆ ಬರುತ್ತಿರಲಿಲ್ಲ. ಆಕೆ ಮಾಡಿಟ್ಟು ಹೋದ ಕಟಕ ರೊಟ್ಟಿ ಮುರಿದು, ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿ ಬಾಯಿಗಿಟ್ಟರು. ಎಡಗಲ್ಲದ ಒಳಗೆ ಕೆಂಡ ಇಟ್ಟಂತಾಯಿತು.

ಕನ್ನಡಿ ಹಿಡಿದು ಗಲ್ಲ ಜಗ್ಗಿ ನೋಡಿದರೆ, ಹುಣಸೆಬೀಜದಷ್ಟಗಲ ಒಂದು ಬಿಳಿ ಮಚ್ಚೆ. ಬೆರಳಿನಿಂದ ತಿಕ್ಕಿದರು, ಹೋಗಲಿಲ್ಲ. ಧೋತರದ ಚುಂಗಿನಿಂದ ತಿಕ್ಕಿದರು, ಆಗಲೂ ಹೋಗಲಿಲ್ಲ. ಕನಮಡಿಯಲ್ಲಿದ್ದ ಅವರ ಸೋದರಮಾವನಿಗೂ ಹೀಗೆಯೇ ಶುರುವಾಗಿತ್ತು. ಆಮೇಲೆ ಬಾಯಿ ತೆರೆಯಲಾಗದೆ, ಅಂಬಲಿ ಸಹ ಇಳಿಯದೆ, ದೀಪಾವಳಿಯ ಹೊತ್ತಿಗೆ ಆ ಮನುಷ್ಯ ಮಣ್ಣಾಗಿದ್ದ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಂದಿಗೆ ಹೇಳಿ, ಅತ್ತು ಕರೆದು, ಡಾಕ್ಟರರ ಹತ್ತಿರ ಹೋಗುತ್ತಿದ್ದರು. ಅಮರಪ್ಪ ಮಾಸ್ತರರಿಗೆ ಅದು ಸಾಧ್ಯವಿರಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ, ಶ್ರಾವಣ ಸೋಮವಾರ, ಸಾಲಿಯ ಮುಂದೆ ಬೆಂಕಿ ಹಾಕಿಸಿ, ತಂಬಾಕಿನ ಮೇಲೆ ಒಂದು ತಾಸು ಭಾಷಣ ಬಿಗಿದು, ಊರಿನ ನಲವತ್ತು ಗಂಡಸರು ನಡುವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ತಂಬಾಕಿನ ಚಂಚಿ ಸುಡಿಸಿದವರು ಇವರೇ. ಮೊದಲು ಬೆಂಕಿಗೆ ಬಿದ್ದದ್ದು ಅವರದೇ ಚಂಚಿ. ಅದು ಖರೆ. ನಾಲ್ಕನೆಯ ದಿನ ವಿಜಾಪುರದಿಂದ ಹೊಸ ಚಂಚಿ ತಂದದ್ದೂ ಅಷ್ಟೇ ಖರೆ, ಅದು ಊರಿಗೆ ಗೊತ್ತಿರಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನದ ಸುಟ್ಟಿಯಲ್ಲಿ, ನಕಾಶೆಗಳನ್ನಿಡುವ ಕೋಣೆಯ ಬಾಗಿಲು ಹಾಕಿಕೊಂಡು, ಸುಣ್ಣ ತಿಕ್ಕಿದ ತಂಬಾಕು ಎಡಗಲ್ಲಕ್ಕೆ ಇಡುತ್ತಿದ್ದರು. ಆಮೇಲೆ ಎರಡು ಲವಂಗ ಜಗಿದು, ಆರೋಗ್ಯದ ಪಾಠ ಹೇಳಲು ಹೊರಗೆ ಬರುತ್ತಿದ್ದರು.

ಮಚ್ಚೆ ಕೆಟ್ಟದ್ದಾದರೆ ಜೀವ ಹೋಗುತ್ತದೆ. ತಂಬಾಕಿನ ಸುದ್ದಿ ಹೊರಬಿದ್ದರೆ ಮಾನ ಹೋಗುತ್ತದೆ. ಈ ಎರಡರಲ್ಲಿ ತನಗೆ ಎರಡನೆಯದರ ಭಯವೇ ಹೆಚ್ಚು ಎಂದು ತಿಳಿದಾಗ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮಾಸ್ತರರು ನಾಚಿಕೊಂಡರು. ಕನ್ನಡಿಯನ್ನು ಬೋರಲು ಇಟ್ಟು, ಚಂಚಿಯನ್ನು ಕೋಟಿನ ಒಳಖಿಸೆಗೆ ಸೇರಿಸಿ, ವಿಜಾಪುರದ ಬಸ್ಸಿಗೆ ನಡೆದರು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತಾಯಿತು, ದಿಬ್ಬ ಬಂದರೆ ಮಂದಿ ಇಳಿದು ದಬ್ಬಬೇಕು. ಮಾಸ್ತರರು ಮೂಲೆ ಹಿಡಿದು ಕೂತರೂ ಬಸಗೊಂಡಪ್ಪ ಬಂದು ಪಕ್ಕದಲ್ಲೇ ಕೂತ. ಅವನು ಚಂಚಿ ಸುಟ್ಟ ನಲವತ್ತು ಮಂದಿಯಲ್ಲಿ ಒಬ್ಬ. ತಂಬಾಕು ಬಿಟ್ಟಾಗಿನಿಂದ ಅವನಿಗೆ ಬಾಯಿ ಸುಮ್ಮನಿಡಲು ಬರುತ್ತಿರಲಿಲ್ಲ, ಊರಿನ ಸುದ್ದಿಯನ್ನೇ ಜಗಿಯುತ್ತಿದ್ದ.

"ಎಲ್ಲಿಗೆ ಹೊಂಟೀರಿ ಮಾಸ್ತರ?"

"ಹಲ್ಲ ನೋಯಾಕತ್ತಾವು."

"ಯಾವ ಹಲ್ಲ? ಬಾಯಿ ತೆಗೀರಿ ನೋಡೂಣು."

ಮಾಸ್ತರರು ತುಟಿ ಬಿಗಿದುಕೊಂಡರು. ಎದುರಿಗೆ ಕೂತಿದ್ದ ಮುದುಕಿ ಪೀರಾಂಬಿ ಸಂಚಿ ಬಿಚ್ಚಿದಳು. ಚಂಚಿ ಸುಟ್ಟ ದಿನ, "ಅದು ಗಂಡಸರ ಹುಡುಗಾಟ" ಎಂದು ಮನೆಯಲ್ಲೇ ಕೂತು ಎಲೆ-ತಂಬಾಕು ಹಾಕಿಕೊಂಡಾಕೆ. "ಒಂದ ಚಿವುಟ ಹಲ್ಲಿಗಿಟ್ಕೋ ಯಪ್ಪಾ, ನೋವ ನಿಲ್ಲತೈತಿ" ಎಂದು ಕೈ ಮುಂದೆ ಮಾಡಿದಳು. ಕರಿ ತಂಬಾಕಿನ ವಾಸನೆಗೆ ಮಾಸ್ತರರ ಬಾಯಲ್ಲಿ ನೀರೂರಿತು.

ಬಸಗೊಂಡಪ್ಪ ಆ ಕೈಯನ್ನು ಸರಿಸಿದ. "ಮುದುಕಿ, ಇವರು ಯಾರಂತ ತಿಳದೀ? ದೇವರಂಥಾ ಮನಷ್ಯಾ. ಇವರ ಮುಂದ ಅದನ್ನ ತೆಗೀಬ್ಯಾಡ." ಆಮೇಲೆ ಮಾಸ್ತರರ ಕಡೆ ತಿರುಗಿ, "ನಿಮ್ಮಂಥವರು ಒಬ್ರ ದವಾಖಾನಿಗೆ ಹೋಗೂದು ಬ್ಯಾಡ. ನಾ ಬರ್ತೀನಿ" ಅಂದ. ಬೇಡವೆಂದಷ್ಟೂ ಅವನ ಭಕ್ತಿ ಹೆಚ್ಚಾಯಿತು.

ಡಾಕ್ಟರ ಹಣಮಂತರಾಯರ ದವಾಖಾನೆ ಗೋಳಗುಮ್ಮಟದ ರಸ್ತೆಯಲ್ಲಿತ್ತು. ಹೊರಗೆ ಕೂರಲು ಒಂದು ಬಾಕು, ಒಳಗೆ ಒಂದು ಖುರ್ಚಿ, ನಡುವೆ ಒಂದು ಅರಿವೆಯ ಪರದೆ. ಡಾಕ್ಟರರಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅವರು ಪಿಸುಗುಟ್ಟಿದರೂ ಗುಮ್ಮಟದೊಳಗೆ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಬಸಗೊಂಡಪ್ಪ ಪರದೆಗೆ ಬೆನ್ನು ಹಚ್ಚಿ ಕೂತ.

ಡಾಕ್ಟರರು ಮಾಸ್ತರರ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಗಲ್ಲವನ್ನು ಚಮಚದ ಹಿಡಿಕೆಯಿಂದ ಸರಿಸಿ, ಸಣ್ಣ ಕನ್ನಡಿ ಒಳಗಿಟ್ಟು ನೋಡಿದರು. ನಾಲಿಗೆ ಎತ್ತಿಸಿದರು, ಆ ಕಡೆ ಈ ಕಡೆ ಹೊರಳಿಸಿದರು. ಒಳಗೊಂದು ಬೆರಳು, ಹೊರಗೊಂದು ಬೆರಳು ಇಟ್ಟು ಮಚ್ಚೆಯನ್ನು ಒತ್ತಿ ನೋಡಿದರು. ಕೊನೆಗೆ ಗದ್ದದ ಕೆಳಗೆ, ಕುತ್ತಿಗೆಯ ಎರಡೂ ಕಡೆ ತಡವಿದರು.

"ಕುತ್ತಿಗ್ಯಾಗ ಗಂಟಿಲ್ಲ, ಛಲೋ ಆತು. ಮಚ್ಚಿ ಬುಡಾನೂ ಗಟ್ಟಿ ಆಗಿಲ್ಲ. ತಂಬಾಕ ತಿನ್ನವರಿಗೆ ಇಂಥಾದ್ದು ಬರ್ತದ. ಬಿಟ್ಟು ಒಂದ ತಿಂಗಳಾದ ಮ್ಯಾಲೆ ಬಹಳ ಮಂದೀದು ಹೋಗ್ತದ. ಎಷ್ಟ ವರ್ಷದಿಂದ ತಿಂತೀರಿ?"

ಪರದೆಯ ಆಚೆ ಬಾಕು ಕಿರ್ ಎಂದಿತು.

"ಎಂದೂ ಮುಟ್ಟಿಲ್ರಿ" ಎಂದರು ಮಾಸ್ತರರು.

"ಬೀಡಿ?"

"ಇಲ್ರಿ."

"ಎಲಿ ಅಡಿಕಿ?"

"ಅದೂ ಇಲ್ರಿ."

ಡಾಕ್ಟರರು ಕಣ್ಣಿನ ಚಾಳೀಸು ತೆಗೆದು ಒರೆಸಿಕೊಂಡರು. "ಹಂಗಾದ್ರ ಇದು ಸಾದಾ ಮಾತಲ್ಲ. ಕಾರಣ ಇಲ್ಲದ ಬಂದದ್ದನ್ನ ನಾ ಬಿಡಂಗಿಲ್ಲ. ಕ್ಯಾನ್ಸರ ಆಗಿರಬಹುದು, ಒಂದ ತುಣುಕ ಕೊಯ್ದು ಮುಂಬಯಿಗೆ ಕಳಸ್ತೀನಿ, ಅಲ್ಲೆ ಭೂತಗನ್ನಡಿ ಕೆಳಗ ಇಟ್ಟು ನೋಡ್ತಾರ. ಇನ್ನೊಂದು ಕೇಳ್ತೀನಿ, ನಾಚಬ್ಯಾಡ್ರಿ. ಕೆಟ್ಟ ಹೆಂಗಸರ ಸಹವಾಸದಿಂದ ಬರೂ ರೋಗದಾಗೂ ಬಾಯಾಗ ಇಂಥಾ ಮಚ್ಚಿ ಏಳ್ತದ. ಸೂಳೇರ ಮನಿಗೆ ಹೋಗೂ ಚಟ ಏನರೆ ಅದ ಏನು?"

"ಇ... ಇಲ್ರಿ" ಅಂದರು ಮಾಸ್ತರರು. ಆದರೆ ಈ ಇಲ್ಲ ಮೊದಲಿನ ಮೂರು ಇಲ್ಲಗಳ ಹಾಗೆ ಗಟ್ಟಿಯಾಗಿ ಬರಲಿಲ್ಲ. ಸುಳ್ಳು ಹೇಳುವಾಗ ನೆಟ್ಟಗಿದ್ದ ನಾಲಿಗೆ ಖರೆ ಹೇಳುವಾಗ ತೊದಲಿತು.

"ಎಲ್ಲಾರೂ ಇಲ್ಲ ಅಂತನ ಅಂತಾರ" ಎಂದು ಡಾಕ್ಟರರು ತೋಳಿನಿಂದ ರಕ್ತ ತೆಗೆದರು. ಆಮೇಲೆ ಗಲ್ಲಕ್ಕೆ ಜೋಮು ಹಿಡಿಸುವ ಮದ್ದು ಚುಚ್ಚಿ, ಮಚ್ಚೆಯ ಅಂಚಿನಿಂದ ಜೋಳದ ಕಾಳಿನಷ್ಟು ತುಣುಕು ಕೊಯ್ದು, ಕಟುವಾಸನೆಯ ನೀರಿದ್ದ ಶೀಶೆಗೆ ಹಾಕಿದರು. "ಎರಡರದೂ ವರದಿ ಬರಾಕ ಮೂರು ವಾರ. ಅಲ್ಲೀತನಕ ಹೆಂಡತಿ ಕಡೆ ಹೋಗಬ್ಯಾಡ್ರಿ."

ಇನ್ನು ತಡೆಯಲಾಗಲಿಲ್ಲ. ಮಾಸ್ತರರು ಒಳಖಿಸೆಯಿಂದ ಚಂಚಿ ತೆಗೆದು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತರು. ಡಾಕ್ಟರರು ಚಂಚಿಯನ್ನೂ ಅವರ ಮುಖವನ್ನೂ ನೋಡಿದರು.

"ನೀವು ಹುಡುಗೂರಿಗೆ ಕಲಸೂ ಮಾಸ್ತರ ಏನು? ರೋಗ ಹಿಡಿಯೂದು ಬರೇ ಕನ್ನಡಿ ಕತ್ರಿಯಿಂದ ಅಲ್ರಿ, ರೋಗಿ ಹೇಳೂ ಖರೇ ಮಾತಿನಿಂದ. ಮೊದಲ ಹೇಳಿದ್ರ ಇವತ್ತ ಕೊಯ್ಯೂದ ತಪ್ತಿತ್ತು." ಚಂಚಿಯನ್ನು ಎತ್ತಿ ಪೀಕದಾನಿಗೆ ಒಗೆದರು. "ಇನ್ನ ಮುಟ್ಟಬ್ಯಾಡ್ರಿ. ಕೊಯ್ದದ್ದಂತೂ ಆಗ್ಯದ, ವರದಿ ಬರಲಿ."

ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದರು ಮಾಸ್ತರರು. ಹೇಗೋ ಹೊರಗೆ ಬಂದರೆ ಬಾಕು ಖಾಲಿ. ಬಸಗೊಂಡಪ್ಪ ಬೇಕಾದಷ್ಟು ಕೇಳಿಕೊಂಡು, ಚಂಚಿ ಮೇಜಿಗೆ ಬರುವ ಮೊದಲೇ ಎದ್ದು, ಹೊರಟು ನಿಂತ ಬಸ್ಸು ಹಿಡಿದಿದ್ದ.

ಮಾಸ್ತರರು ಮುಂದಿನ ಬಸ್ಸಿನಲ್ಲಿ ತಿಕೋಟಾಕ್ಕೆ ಬಂದು ಇಳಿದಾಗ ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಆದರೂ ಊರೆಲ್ಲ ಕಟ್ಟೆಗೆ ಬಂದಿತ್ತು. ಬಸಗೊಂಡಪ್ಪ ನಡುವೆ ಇದ್ದ. ಯಾರೂ ನಮಸ್ಕಾರ ಅನ್ನಲಿಲ್ಲ. ಹೆಂಗಸರು ಸೆರಗು ಎಳೆದುಕೊಂಡು ದೂರ ಸರಿದರು. ಬಸಗೊಂಡಪ್ಪನ ಬಸ್ಸಿನಲ್ಲೇ ಮರಳಿದ್ದ ಪೀರಾಂಬಿ ಮಾತ್ರ, "ಹೇಣ್ತಿ ಪಾಪ ಬಂಗಾರದಂಥಾಕಿ" ಎಂದು ಕಣ್ಣೊರೆಸಿಕೊಂಡಳು.

ಮಾಸ್ತರರು ಕಟ್ಟೆ ಹತ್ತಿದರು. ಎರಡು ವರ್ಷ ಹೊತ್ತಿದ್ದನ್ನು ಇಳಿಸುವುದೊಂದೇ ಹಾದಿ ಎನಿಸಿತು. "ನಂದು ತಪ್ಪಾಗೇತಿ. ನೀವು ತಿಳದಂಗ ಏನೂ ಇಲ್ಲ. ಇದು ತಂಬಾಕದ ಮಚ್ಚಿ. ನಿಮ್ಮೆಲ್ಲಾರ ಚಂಚಿ ಸುಡಿಸಿ ನಾ ಕದ್ದು ತಿಂತಿದ್ದೆ." ಬದುಕಿನಲ್ಲಿ ಅಷ್ಟು ನಾಚಿಕೆ ಅವರಿಗೆ ಎಂದೂ ಆಗಿರಲಿಲ್ಲ.

ಬಸಗೊಂಡಪ್ಪ ತಲೆ ಅಲ್ಲಾಡಿಸಿದ. "ಇರಲಿ ಬಿಡ್ರಿ ಮಾಸ್ತರ. ಡಾಕ್ಟರ ಮುಂದ ಎಂದೂ ಮುಟ್ಟಿಲ್ಲ ಅಂತ ಹೇಳಿದ್ದು ನನ್ನ ಕಿವಿಲೆ ಕೇಳೀನಿ. ದೊಡ್ಡದನ್ನ ಮುಚ್ಚಾಕ ಸಣ್ಣದನ್ನ ಹೇಳಾಕತ್ತೀರಿ."

"ಖರೇನ ತಿಂತಿದ್ನೋ. ಬೇಕಾರ ಈಗ ತಿಂದು ತೋರಸ್ತೀನಿ. ಯಾರರೆ ಒಂದ ಚಿವುಟ ಕೊಡ್ರಿ."

ಐದಾರು ಕೈಗಳು ತಾವಾಗಿಯೇ ನಡುವಿನ ಕಡೆ ಹೋಗಿ, ನೆನಪಾದ ಹಾಗೆ ಹಿಂದಕ್ಕೆ ಬಂದವು. ಕೊಟ್ಟಾಕೆ ಪೀರಾಂಬಿ ಒಬ್ಬಳೇ. ಮಾಸ್ತರರು ಸುಣ್ಣ ಹಚ್ಚಿ ತಿಕ್ಕಿ, ರೂಢಿಯಂತೆ ಎಡಗಲ್ಲಕ್ಕೇ ಇಟ್ಟರು. ಮದ್ದಿನ ಜೋಮು ಅಷ್ಟರಲ್ಲಿ ಇಳಿದಿತ್ತು. ಸುಣ್ಣ ಹಸಿಗಾಯಕ್ಕೆ ತಾಗಿದ್ದೇ ತಡ, ಕಣ್ಣಲ್ಲಿ ನೀರು ಸುರಿದು, ಕೆಮ್ಮು ಹತ್ತಿ, ಎಲ್ಲವನ್ನೂ ಥೂ ಎಂದು ಉಗುಳಿ ಮೊಣಕಾಲು ಹಿಡಿದು ಕೂತರು.

"ನೋಡ್ರಿ" ಎಂದ ಬಸಗೊಂಡಪ್ಪ ಮರುಕದಿಂದ, "ಹುಟ್ಟಿದಾಗಿಂದ ತಿಂದವರಲ್ಲ."

ಆ ಹೊತ್ತಿಗೇ ಬಬಲೇಶ್ವರದ ಕಡೆಯ ಚಕ್ಕಡಿಯಿಂದ ರೇಣುಕವ್ವ ಗಂಟು ಹಿಡಿದು ಇಳಿದಳು. ಗಂಡ ಕಟ್ಟೆಯ ಮೇಲೆ ಅಳುತ್ತ ಕೂತಿದ್ದಾನೆ, ಸುತ್ತ ಊರು ನಿಂತಿದೆ, ಎಲ್ಲರ ಬಾಯಲ್ಲಿ ತಂಬಾಕು ತಂಬಾಕು. ಆಕೆ ಸೆರಗು ಸಿಕ್ಕಿಸಿಕೊಂಡು ನಡುವೆ ನುಗ್ಗಿದಳು.

"ಯಾರು ನಮ್ಮವರಿಗೆ ತಂಬಾಕ ತಿಂತಾರ ಅಂದವರು? ಬಸವಣ್ಣನ ಆಣಿ ಮಾಡಿ ಹೇಳ್ತೀನಿ, ಎರಡ ವರ್ಷದಾಗ ಅವರು ಅದರ ಎಸಳ ಸೈತ ಮುಟ್ಟಿಲ್ಲ."

ಮಚ್ಚೆ ತಂಬಾಕಿನದಲ್ಲ ಎನ್ನಲು ಹೆಂಡತಿಯ ಆಣೆಯ ಮೇಲೆ ಇನ್ಯಾರ ಸಾಕ್ಷಿ ಬೇಕು. ಒಬ್ಬೊಬ್ಬರೇ ಕಾಲು ಕಿತ್ತರು.

ಮನೆಗೆ ಬಂದ ಮೇಲೆ ಮಾಸ್ತರರು ಗೋಡೆಗೆ ಆತು ಕೂತರು. ರೇಣುಕವ್ವ ನೀರು ಕೊಟ್ಟು ತಗ್ಗಿದ ದನಿಯಲ್ಲಿ ಅಂದಳು: "ನನಗ ಮೊದಲಿಂದ ಗೊತ್ತೈತ್ರಿ. ನಿಮ್ಮ ಕೋಟ ಝಾಡಸೂವಾಕಿ ನಾನ ಅಲ್ಲೇನು, ಖಿಸೇದಾಗ ಪುಡಿ ಇರ್ತಿತ್ತು. ಊರ ಮುಂದ ನಿಮ್ಮ ಮಾನ ಹೋಗಬಾರದಂತ ಸುಳ್ಳ ಆಣಿ ಮಾಡೀನಿ."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ನಂಬುವವಳು ಒಬ್ಬಳಾದರೂ ಇದ್ದಾಳೆ. ರಂಜಕದಿಂದ ಹಿಡಿದು ಮುಂಬಯಿಗೆ ಹೋಗುವ ಶೀಶೆಯವರೆಗೆ, ಡಾಕ್ಟರರು ಕೇಳಿದ ಆ ಪ್ರಶ್ನೆಯನ್ನೂ ಬಿಡದೆ, ಎಲ್ಲ ಹೇಳಿದರು. "ನಾಳೆ ಒಂದ ಮಾತ ನೀನ ಮಂದಿಗೆ ಹೇಳು. ಅದು ತಂಬಾಕದ್ದ ಅಂತ."

ರೇಣುಕವ್ವ ಖಾಲಿ ಚಂಬನ್ನು ಮೂಲೆಗಿಟ್ಟು ತಿರುಗಿದಳು.

"ರಕ್ತದ ವರದಿ ಯಾವಾಗ ಬರತೈತಿ?"

"ಮೂರ ವಾರಕ್ಕ. ಯಾಕ?"

"ತಂಬಾಕ ತಿಂದದ್ದು ಖರೆ, ನಾ ಕಂಡೀನಿ. ಆದ್ರ ಅದನ್ನ ಎರಡ ವರ್ಷ ನನ್ನ ಮುಂದನೂ ಇಲ್ಲಂತ ಮುಚ್ಚಿಟ್ಟವರು ನೀವು. ಇನ್ನೊಂದನ್ನೂ ಇಲ್ಲ ಅಂತೀರಿ." ಆಕೆ ಇನ್ನೂ ಬಿಚ್ಚದ ಗಂಟನ್ನು ಎತ್ತಿಕೊಂಡಳು. "ಚಕ್ಕಡಿ ಇನ್ನ ಹೋಗಿರಾಕಿಲ್ಲ. ವರದಿ ಬಂದ ಮ್ಯಾಲೆ ಬಬಲೇಶ್ವರಕ್ಕ ಕಾಗದ ಬರೀರಿ."